ಕೈನೋವನ್ನು ಮುಚ್ಚಿಟ್ಟುಕೊಂಡಿದ್ದ ಟೈಪಿಸ್ಟ್: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ಮಹಿಳೆಯನ್ನು ಸುಮತಿ ಎಂದು ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಸುಮತಿಯವರಿಗೆ 43 ವರ್ಷ. ತಾಲ್ಲೂಕು ಕೇಂದ್ರವೊಂದರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿಗಿರುವ ಡಿಟಿಪಿ ಅಂಗಡಿಯಲ್ಲಿ ಟೈಪಿಸ್ಟ್. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಏಳರವರೆಗೆ ಕ್ರಯಪತ್ರ, ಪಾಲುಪತ್ರ, ಬಾಡಿಗೆ ಕರಾರು, ಅಫಿಡವಿಟ್ಟು. ಟೈಪಿಂಗ್ ಕ್ಲಾಸಿಗೆ ಹೋದವರಲ್ಲ, ಅಂಗಡಿಯಲ್ಲೇ ನೋಡಿ ನೋಡಿ ಕಲಿತವರು. ವೇಗ ಚೆನ್ನಾಗಿದೆ.

ನಾನು ಆಪ್ತಸಲಹೆಗಾರ್ತಿಯಾಗಿರುವ ಕೇಂದ್ರಕ್ಕೆ ಅವರನ್ನು ಕಳಿಸಿದ್ದು ಅವರ ಮನೆ ಡಾಕ್ಟರು. ನಿದ್ದೆ ಇಲ್ಲ, ಮಕ್ಕಳ ಮೇಲೆ ಸಿಡುಕು, ಇದ್ದಕ್ಕಿದ್ದಂತೆ ಅಳು. ಕತ್ತು, ಬಲಗೈ, ಎಡಗೈ ಕಿರುಬೆರಳು ನೋವು, ಕಣ್ಣುರಿ. ಕತ್ತಿನ ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ. ಅದೇ ಅವರಿಗೆ ದೊಡ್ಡ ಪೆಟ್ಟಾಗಿತ್ತು. ಮನೆಯಲ್ಲಿ, "ಎಕ್ಸ್‌ರೇನಲ್ಲೇ ಏನಿಲ್ಲ ಅಂದ್ಮೇಲೆ, ಕೂತು ಮಾಡೋ ಕೆಲಸಕ್ಕೆ ಅದೆಂಥ ನೋವು?" ಎಂದಿದ್ದರು ಯಜಮಾನರು. ನನ್ನ ಮುಂದೆ ಕೂತು ಸುಮತಿ ಕೇಳಿದ ಮೊದಲ ಮಾತು: "ಮೇಡಂ, ನನಗಿರೋದು ಮನಸ್ಸಿನ ಕಾಯಿಲೆನಾ? ಹಾಗಾದ್ರೆ ನೋವು ಸುಳ್ಳಾ?"

ಸುಳ್ಳಲ್ಲ ಎಂದೆ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ದಣಿದ ಸ್ನಾಯು, ಒತ್ತಡಕ್ಕೆ ಸಿಕ್ಕಿದ ನರ ಅದರಲ್ಲಿ ಕಾಣುವುದಿಲ್ಲ. ನೋವಿಗೂ ಮನಸ್ಸಿಗೂ ನಂಟಿದೆ ನಿಜ. ಹಾಗಂತ ನೋವು ನಿಮ್ಮ ಕಲ್ಪನೆ ಅಂತಲ್ಲ. ಇಷ್ಟು ಕೇಳಿ ಅವರು ತುಂಬ ಹೊತ್ತು ಅತ್ತರು. ನೋವಿದೆ ಎಂದು ಯಾರೂ ನಂಬದೇ ಇದ್ದದ್ದು ಅವರನ್ನು ನೋವಿಗಿಂತ ಜಾಸ್ತಿ ಸೋಲಿಸಿತ್ತು. ಇಂಥವರಿಗೆ ಮೊದಲ ದಿನವೇ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ನೋವು ಏನು, ಎಲ್ಲಿಂದ ಬಂತು ಅನ್ನುವುದು ಗೊತ್ತಾಗಬೇಕು.

ರಾತ್ರಿ ಎರಡು ಮೂರು ಗಂಟೆಗೆ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಒದರಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಎಂದರು. ಜೋಮು ಯಾವ ಬೆರಳಿಗೆ ಎಂದು ಕೇಳಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಕಿರುಬೆರಳಿಗೆ ಇಲ್ಲ. ಇದನ್ನು ಅವರು ಡಾಕ್ಟರಿಗೆ ಹೇಳಿಯೇ ಇರಲಿಲ್ಲ, ಬರೀ "ಕೈನೋವು" ಎಂದಿದ್ದರು. ಚೀಟಿ ಬರೆದುಕೊಟ್ಟು ಮತ್ತೆ ಡಾಕ್ಟರ ಹತ್ತಿರವೇ ಕಳಿಸಿದೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ತೊಂದರೆ, ಅಂದರೆ ಕಾರ್ಪಲ್ ಟನಲ್ ಇರಬಹುದು ಎಂದು ಅವರು ಹೇಳಿದರು. ಇದಕ್ಕೆ ಕಂಪ್ಯೂಟರ್ ಒಂದನ್ನೇ ದೂರಲಾಗದು. ಥೈರಾಯ್ಡ್, ಸಕ್ಕರೆ ಕಾಯಿಲೆ ಇದ್ದವರಿಗೂ ಬರುತ್ತದೆ. ಹಾಗಾಗಿ ರಕ್ತಪರೀಕ್ಷೆ ಮಾಡಿಸಿದರು. ಎರಡೂ ಇರಲಿಲ್ಲ. ಮಲಗಿದಾಗ ಮಣಿಕಟ್ಟು ಮಡಚಿಕೊಳ್ಳದ ಹಾಗೆ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟರು. ನಿದ್ದೆ ಸುಧಾರಿಸಲು ಶುರುವಾದದ್ದು ಆ ಪಟ್ಟಿಯಿಂದ. ನಿದ್ದೆ ಬಂದ ಮೇಲೆ ಸಿಡುಕು ಅರ್ಧ ಇಳಿಯಿತು.

ಇಷ್ಟಾದ ಮೇಲೆ ಅಂಗಡಿಯ ಕಡೆ ತಿರುಗಿದೆವು. ಜೊತೆಯ ಹುಡುಗಿಗೆ ಹೇಳಿ, ಕೆಲಸ ಮಾಡುವಾಗ ಪಕ್ಕದಿಂದ ಒಂದು ಫೋಟೋ ತೆಗೆಸಿಕೊಂಡು ಬನ್ನಿ ಎಂದೆ. ಫೋಟೋ ನೋಡಿ ಅವರೇ ಗಾಬರಿಯಾದರು. ನಮ್ಮ ಕೇಂದ್ರಕ್ಕೆ ಬರುವ ಫಿಸಿಯೋಥೆರಪಿಸ್ಟ್ ಕೂಡ ಜೊತೆಗೆ ಕೂತು ನೋಡಿದರು.

ಮಾನಿಟರಿನ ಕೆಳಗೆ ಎ4 ಕಾಗದದ ಎರಡು ಬಂಡಲ್ ಇತ್ತು. ಪರದೆ ಕಣ್ಣಿನ ಮಟ್ಟಕ್ಕಿರಬೇಕು ಎಂದು ಯಾವುದೋ ವಿಡಿಯೋದಲ್ಲಿ ನೋಡಿ ಅವರೇ ಇಟ್ಟಿದ್ದು. ಸಲಹೆ ತಪ್ಪಲ್ಲ, ಆದರೆ ಇವರಿಗೆ ಹೊಂದುವುದಿಲ್ಲ. ಕಾರಣ, ಇವರದು ಬೈಫೋಕಲ್ ಕನ್ನಡಕ. ಓದುವ ಗಾಜು ಕೆಳಭಾಗದಲ್ಲಿ. ಎತ್ತರದ ಪರದೆಯನ್ನು ಆ ಗಾಜಿನಿಂದ ನೋಡಬೇಕಾದರೆ ಗಲ್ಲ ಮೇಲೆತ್ತಬೇಕು, ಕತ್ತು ಹಿಂದಕ್ಕೆ ಬಾಗಬೇಕು. ಫೋಟೋದಲ್ಲಿ ಅವರು ಕೂತಿದ್ದದ್ದು ಹಾಗೇ. ಸುಮಾರು 5 ಕಿಲೋ ತೂಗುವ ತಲೆಯನ್ನು ಇಡೀ ದಿನ ಆ ಭಂಗಿಯಲ್ಲಿ ಹಿಡಿದರೆ ಕತ್ತು ನೋಯದೆ ಇನ್ನೇನಾಗುತ್ತದೆ? ಬಂಡಲ್ ಎರಡನ್ನೂ ತೆಗೆಸಿ, ಪರದೆಯನ್ನು ಇಳಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಲು ಹೇಳಿದರು ಫಿಸಿಯೋ. ನಲವತ್ತರ ಮೇಲೆ ಚಾಳೀಸು ಬಂದವರು ದಯವಿಟ್ಟು ಇದನ್ನು ಗಮನಿಸಿ. ಪರದೆ ಇರುವಷ್ಟು ದೂರಕ್ಕೇ, ಅಂದರೆ ಒಂದು ತೋಳಿನಷ್ಟು ದೂರಕ್ಕೆ, ಬೇರೆ ಕನ್ನಡಕ ಮಾಡಿಸಬಹುದು. ಕಣ್ಣಿನ ಡಾಕ್ಟರಿಗೆ "ನಾನು ಕಂಪ್ಯೂಟರ್ ಮುಂದೆ ಕೂರೋಳು, ಪರದೆ ಇಷ್ಟು ದೂರ ಇರುತ್ತೆ" ಎಂದು ಅಳತೆ ಸಮೇತ ಹೇಳಬೇಕು. ಸುಮತಿ ಎರಡು ತಿಂಗಳ ಮೇಲೆ ಮಾಡಿಸಿಕೊಂಡರು.

ಟೈಪ್ ಮಾಡಬೇಕಾದ ಕಾಗದ ಎಡಗಡೆ ಮೇಜಿನ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು. ಪ್ರತಿ ಸಾಲಿಗೂ ಕತ್ತು ಎಡಕ್ಕೆ ತಿರುಗಿ ಕೆಳಗೆ ಬಾಗಿ, ಮತ್ತೆ ಮೇಲೆ. ಮಗನ ಹಳೇ ಪರೀಕ್ಷಾ ಪ್ಯಾಡನ್ನು ಕೀಬೋರ್ಡಿಗೂ ಪರದೆಗೂ ನಡುವೆ ಓರೆಯಾಗಿ ನಿಲ್ಲಿಸಿ ಕಾಗದ ಸಿಕ್ಕಿಸಿದರು. ಖರ್ಚಿಲ್ಲದ ಕೆಲಸ. ಪ್ರಿಂಟರಿನಿಂದಾಗಿ ಮೌಸ್ ಆಚೆ ಹೋಗಿತ್ತು, ಬಲಗೈಯನ್ನು ಚಾಚಿಯೇ ಇಟ್ಟುಕೊಳ್ಳಬೇಕಿತ್ತು. ಪ್ರಿಂಟರ್ ಎಡಕ್ಕೆ ಹೋಯಿತು, ಮೌಸ್ ಕೀಬೋರ್ಡಿನ ಪಕ್ಕಕ್ಕೆ ಬಂತು. ಪ್ಲಾಸ್ಟಿಕ್ ಕುರ್ಚಿ ತಗ್ಗಾಗಿ ಹೆಗಲು ಏರಿಸಿ ಟೈಪ್ ಮಾಡಬೇಕಿತ್ತು. ದಿಂಬು ಹಾಕಿ ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಮಾಡಿದೆವು. ಆಗ ಕಾಲು ನೆಲಕ್ಕೆ ಎಟುಕಲಿಲ್ಲ. ಮಾನಿಟರಿನ ಕೆಳಗಿಂದ ತೆಗೆದ ಆ ಕಾಗದದ ಬಂಡಲ್‌ಗಳೇ ಕಾಲಡಿಗೆ ಬಂದವು.

ಎಡಗೈ ಕಿರುಬೆರಳಿನ ಕಥೆ ಬೇರೆ. ಅವರ ಹಾಗೆ ನಾನೂ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲೇ ಟೈಪ್ ಮಾಡುವವಳು. ಈ ವಿನ್ಯಾಸದಲ್ಲಿ ದೀರ್ಘಕ್ಕೆ ಶಿಫ್ಟ್, ಸೊನ್ನೆಗೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಣ, ಳ, ಶ ಎಲ್ಲಕ್ಕೂ ಶಿಫ್ಟ್. ಕ್ರಯಪತ್ರದಲ್ಲಿ ಪದೇ ಪದೇ ಬರುವ "ಖರೀದಿದಾರಳಾದ" ಎಂಬ ಒಂದೇ ಪದಕ್ಕೆ ಐದು ಸಲ ಶಿಫ್ಟ್ ಒತ್ತಬೇಕು. ಸುಮತಿ ಎಲ್ಲದಕ್ಕೂ ಎಡಗಡೆ ಶಿಫ್ಟನ್ನೇ ಒತ್ತುತ್ತಿದ್ದರು. 'ಆ' ಎಂಬ ದೀರ್ಘ ಬರುವ ಇಂಗ್ಲಿಷ್ ಎ (A) ಕೀಲಿ ಇರುವುದೂ ಎಡಗೈ ಕಿರುಬೆರಳಿನ ಜಾಗದಲ್ಲೇ. ಹಾಗಾಗಿ ಕಿರುಬೆರಳಿನಲ್ಲಿ ಶಿಫ್ಟ್ ಹಿಡಿದು, ಕೈ ತಿರುಚಿ, ಉಂಗುರ ಬೆರಳಿನಲ್ಲಿ ಎ ಒತ್ತುತ್ತಿದ್ದರು. ಕನ್ನಡದಲ್ಲಿ ಆಕಾರ ಇಲ್ಲದ ಸಾಲು ಎಲ್ಲಿದೆ? ದಿನಕ್ಕೆ ಸಾವಿರಾರು ಸಲ ಈ ತಿರುಚಾಟ. ಅಕ್ಷರ ಎಡಗೈಯದಾದರೆ ಶಿಫ್ಟ್ ಬಲಗೈಯಲ್ಲಿ, ಅಕ್ಷರ ಬಲಗೈಯದಾದರೆ ಶಿಫ್ಟ್ ಎಡಗೈಯಲ್ಲಿ. ಟೈಪಿಂಗ್ ಶಾಲೆಯಲ್ಲಿ ಮೊದಲೇ ಹೇಳಿಕೊಡುವ ಪಾಠ ಇದು. ಇಷ್ಟು ವರ್ಷದ ಅಭ್ಯಾಸ ಬಿಡುವುದು ಸುಲಭವಲ್ಲ, ಮೊದಮೊದಲು ವೇಗ ಇಳಿಯುತ್ತದೆ ಎಂದು ಮೊದಲೇ ಹೇಳಿದ್ದೆ. ದಿನದ ಮೊದಲ ಅರ್ಧ ಗಂಟೆ, ಗಿರಾಕಿ ಇಲ್ಲದಾಗ ಮಾತ್ರ ಹೊಸ ರೀತಿ ಅಭ್ಯಾಸ ಮಾಡಿ ಎಂದೆ. ನಿಧಾನಕ್ಕೆ ಕೈಗೆ ಹತ್ತಿತು.

ಕಣ್ಣಿನ ವಿಚಾರ ಬೇಗ ಮುಗಿಯಿತು. ಮಾಮೂಲಿಯಾಗಿ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ, ಪರದೆ ನೋಡುವಾಗ ಅದು ಅರ್ಧಕ್ಕಿಂತ ಕೆಳಗೂ ಇಳಿಯಬಹುದು. ಜೊತೆಗೆ ಟೇಬಲ್ ಫ್ಯಾನು ನೇರ ಮುಖಕ್ಕೆ. ಫ್ಯಾನ್ ತಿರುಗಿಸಿದರು. ಅಕ್ಷರವನ್ನು ಪರದೆಯಲ್ಲಿ ಮಾತ್ರ ದೊಡ್ಡದು ಮಾಡಿಕೊಂಡರು. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸಕ್ಕೆ ರಸ್ತೆ ಆಚೆಯ ಬೇವಿನ ಮರ ಸಿಕ್ಕಿತು.

ಇಷ್ಟೆಲ್ಲ ಮಾಡಿದರೂ ಸಂಜೆಯ ಹೆಗಲುನೋವು ಇಳಿಯಲಿಲ್ಲ. ಇಲ್ಲಿಂದ ಮುಂದಿನದು ನನ್ನ ಕೆಲಸ.

ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಮೂರು ಹೊತ್ತು, ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು, ಆಗ ಏನು ನಡೆಯುತ್ತಿತ್ತು ಎಂದು ಒಂದು ಸಾಲು ಬರೆಯಲು ಹೇಳಿದ್ದೆ. ಪುಟ ಜಾಸ್ತಿ ಟೈಪ್ ಮಾಡಿದ ದಿನ ನೋವು ಜಾಸ್ತಿ ಇರಬೇಕು ಅಲ್ವಾ? ಹಾಗಿರಲಿಲ್ಲ. ಕೆಲಸ ಕಡಿಮೆ ಇದ್ದ ದಿನವೂ ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆ ಅಂಕ ಏಳು, ಎಂಟು. ಎದುರಿಗೆ ಬರೆದ ಸಾಲು ಹೆಚ್ಚುಕಮ್ಮಿ ಒಂದೇ: "ಗಿರಾಕಿ ಹಿಂದೆ ನಿಂತಿದ್ರು."

ನೋಂದಣಿಗೆ ಹೊತ್ತು ಮೀರುವ ಸಮಯ ಅದು. ಕಕ್ಷಿದಾರರು ಕುರ್ಚಿ ಹಿಡಿದು ಹಿಂದೆ ನಿಂತು, ಹೆಗಲ ಮೇಲಿಂದ ಪರದೆ ಓದುತ್ತಾರೆ. "ಬೇಗ ಮಾಡಮ್ಮ, ಅಲ್ಲಿ ಟೋಕನ್ ಕರೀತಿದ್ದಾರೆ." "ಚೆಕ್ಕುಬಂದಿ ಸರಿಯಾಗಿ ಹಾಕಮ್ಮ, ಪೂರ್ವಕ್ಕೆ ರಸ್ತೆ." ಆ ಹೊತ್ತನ್ನು ಕಣ್ಣು ಮುಚ್ಚಿ ನೆನಪಿಸಿಕೊಳ್ಳಿ ಎಂದಾಗ, ನನ್ನ ಕೋಣೆಯಲ್ಲೇ ಅವರ ಎರಡೂ ಹೆಗಲು ಕಿವಿಯ ಹತ್ತಿರಕ್ಕೆ ಏರಿದವು, ಹಲ್ಲು ಕಚ್ಚಿಕೊಂಡಿತು, ಉಸಿರು ನಿಂತಿತು. ಕನ್ನಡಿ ಕೊಟ್ಟು ತೋರಿಸಿದೆ. ದಿನಾ ಎರಡು ಮೂರು ಗಂಟೆ ಹೀಗೆ ಕೂರುತ್ತಿದ್ದರು. ಯಾವ ಕುರ್ಚಿ ತಂದುಕೊಟ್ಟರೂ ಇದಕ್ಕೆ ಪರಿಹಾರವಿಲ್ಲ.

ಉಸಿರಿನ ಅಭ್ಯಾಸ ಹೇಳಿಕೊಟ್ಟದ್ದು ಈ ಹಂತದಲ್ಲಿ. ಉದ್ದಕ್ಕೆ ಉಸಿರು ಬಿಡುತ್ತಾ ಹೆಗಲು ಕೆಳಗಿಳಿಸುವುದು, ಅಷ್ಟೇ. ಪ್ರತಿ ಸಲ ಪ್ರಿಂಟ್ ಕೊಟ್ಟಾಗ, ಕಾಗದ ಹೊರಗೆ ಬರುವಷ್ಟು ಹೊತ್ತು. ಬೇರೆ ಸಮಯ ಹುಡುಕಬೇಕಾಗಿಲ್ಲ.

ಆದರೆ ಭಾರವೆಲ್ಲ ಅವರ ಮೇಲೇ ಹಾಕುವುದು ನ್ಯಾಯವಲ್ಲ. ಅಂಗಡಿಯ ಪದ್ಧತಿಯೂ ಬದಲಾಗಬೇಕಿತ್ತು. ಮಾಲೀಕರ ಹತ್ತಿರ ಮಾತಾಡಿ ಎಂದರೆ ಸುಮತಿ ಬೆವೆತುಬಿಟ್ಟರು. ಹಿಂದೊಬ್ಬ ಹುಡುಗಿ ಬೆನ್ನುನೋವು ಎಂದಾಗ "ನೋವಿದ್ರೆ ಮನೇಲಿರಲಿ" ಎಂದಿದ್ದರಂತೆ. ಹಾಗಾಗಿ ನೋವನ್ನು ಮುಚ್ಚಿಟ್ಟು, ಯಾರಿಗೂ ಅನುಮಾನ ಬರಬಾರದೆಂದು ಬೇರೆಯವರಿಗಿಂತ ಜಾಸ್ತಿ ಕೆಲಸ ಎಳೆದುಕೊಳ್ಳುತ್ತಿದ್ದರು. ಊಟವನ್ನೂ ಪರದೆ ಮುಂದೆಯೇ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದರು. ಊಟ, ವಿಶ್ರಾಂತಿಯ ಬಿಡುವು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಇದೆ, ಅದು ಮಾಲೀಕರು ಕೊಡುವ ಉಪಕಾರವಲ್ಲ ಎಂದು ತಿಳಿಸಿದೆ. ಅದನ್ನು ಹಿಡಿದು ಜಗಳಕ್ಕೆ ಹೋಗಿ ಎಂದಲ್ಲ. ಕೇಳುವುದು ತಪ್ಪಲ್ಲ ಎಂಬ ಧೈರ್ಯ ಬರಲಿ ಎಂದು.

ನನ್ನನ್ನೇ ಮಾಲೀಕರೆಂದುಕೊಂಡು ಮಾತಾಡಿ ಎಂದೆ. ಶುರುವಾಗಿದ್ದೇ "ತಪ್ಪು ತಿಳ್ಕೋಬೇಡಿ ಸರ್" ಎಂದು. ಅದನ್ನು ಬಿಟ್ಟು ಮತ್ತೆ ಹೇಳಿ ಎಂದೆ. ಹೇಳುತ್ತಾ ಹೇಳುತ್ತಾ ಮಾತು ಹೀಗೆ ನಿಂತಿತು: "ಸರ್, ನನ್ನ ಕೈ ನರಕ್ಕೆ ತೊಂದರೆ ಆಗಿದೆ, ಡಾಕ್ಟರ ಚೀಟಿ ಇದೆ. ಕೆಲಸ ಬಿಡಲ್ಲ. ಗಂಟೆಗೊಮ್ಮೆ ಎರಡು ನಿಮಿಷ ಎದ್ದು ಬರ್ತೀನಿ. ಗಿರಾಕಿಗಳಿಗೆ ಆಕಡೆ ಬೆಂಚು ಹಾಕ್ಸಿ. ಡ್ರಾಫ್ಟ್ ತೆಗೆದು ಕೊಡ್ತೀನಿ, ಪೆನ್ನಲ್ಲಿ ತಿದ್ದಿ ಕೊಡಲಿ."

ಬೆಂಚಿಗೆ ಮಾಲೀಕರು ತಕ್ಷಣ ಒಪ್ಪಿದರು, ಏಕೆಂದರೆ ಡ್ರಾಫ್ಟ್ ಓದಿಸಿದರೆ ಸರ್ವೆ ನಂಬರಿನ ತಪ್ಪು ಮೊದಲೇ ಸಿಗುತ್ತದೆ. ಎದ್ದು ಬರುವುದಕ್ಕೆ ಮುಖ ಗಂಟು ಹಾಕಿದರಂತೆ. ಸುಮತಿ ಎದ್ದು ಬರತೊಡಗಿದರು. ಕೆಲಸ ಹಿಂದೆ ಬೀಳದಿರುವುದನ್ನು ಕಂಡು ಮಾಲೀಕರು ಸುಮ್ಮನಾದರು.

ಮನೆಯವರನ್ನೂ ಒಮ್ಮೆ ಕರೆಸಿದೆ. ಒರಟು ಮನುಷ್ಯರಲ್ಲ, ನೋವು ಕಣ್ಣಿಗೆ ಕಾಣದ್ದರಿಂದ ನಂಬಿರಲಿಲ್ಲ. ರಾತ್ರಿ ಜೋಮು, ಮಣಿಕಟ್ಟಿನ ನರ, ಎಲ್ಲ ಬಿಡಿಸಿ ಹೇಳಿದ ಮೇಲೆ, "ಬಟ್ಟೆ ಹಿಂಡೋದು ನಾನೇ ಮಾಡ್ತೀನಿ ಬಿಡಿ" ಎಂದರು. ಅದು ಸಣ್ಣ ಮಾತಲ್ಲ. ಅಂಗಡಿಯಲ್ಲಿ ದಣಿದ ಅದೇ ಕೈ ಮನೆಗೆ ಬಂದು ಬಟ್ಟೆ ಹಿಂಡುತ್ತದೆ, ಚಪಾತಿ ಹಿಟ್ಟು ನಾದುತ್ತದೆ, ಮಲಗುವ ಮುನ್ನ ಮೊಬೈಲ್ ಹಿಡಿಯುತ್ತದೆ. ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಬರೀ ಆಫೀಸಿನ ಮೇಜು ನೋಡಿ ಸಲಹೆ ಕೊಟ್ಟರೆ ಅರ್ಧ ದಿನದ ನೋವನ್ನು ಮಾತ್ರ ನೋಡಿದ ಹಾಗೆ.

ಇನ್ನೆರಡು ಮಾತು ಅವರಿಗೆ ಬರೆದೇ ಕೊಟ್ಟಿದ್ದೇನೆ. ಹಗಲಲ್ಲೂ ಜೋಮು ಬಿಡದೆ ಇದ್ದರೆ, ಕೈಯಿಂದ ಲೋಟ ಜಾರತೊಡಗಿದರೆ, ಹೆಬ್ಬೆರಳ ಬುಡದ ಮಾಂಸ ಇಳಿದಂತೆ ಕಂಡರೆ ನನ್ನ ಹತ್ತಿರ ಬರುವುದಲ್ಲ, ಅಂದೇ ಡಾಕ್ಟರ ಹತ್ತಿರ ಹೋಗಬೇಕು. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ರಾತ್ರಿಯ ಜೋಮು ಅಪರೂಪಕ್ಕೊಮ್ಮೆ. ಕಿರುಬೆರಳು ವಾಸಿಯಾಗಿದೆ. ಹೆಗಲುನೋವಿನ ಅಂಕ ಸಂಜೆ ಮೂರು, ನಾಲ್ಕರಲ್ಲಿ ನಿಂತಿದೆ. ಪೂರ್ತಿ ಹೋಗಿಲ್ಲ. ಮುಂದಿರುವುದು ಮಾರ್ಚ್ ತಿಂಗಳ ನೂಕುನುಗ್ಗಲು. ಆ ತಿಂಗಳು ಮಧ್ಯಾಹ್ನ ಮೂರರ ಮೇಲೆ ಅರ್ಧ ಕಾಗದಪತ್ರ ಜೊತೆಯ ಹುಡುಗಿಗೆ ಹೋಗಬೇಕು ಎಂದು ಮಾಲೀಕರ ಹತ್ತಿರ ಈಗಲೇ ಮಾತಾಡಿಟ್ಟುಕೊಳ್ಳಲು ಹೇಳಿದ್ದೇನೆ. ಈ ಸಲ ಅವರು ಮಾತನ್ನು ನನ್ನೆದುರು ಅಭ್ಯಾಸ ಮಾಡಲಿಲ್ಲ. "ನಾನೇ ಹೇಳ್ತೀನಿ ಬಿಡಿ ಮೇಡಂ" ಎಂದು ಹೋದರು. ಏಪ್ರಿಲ್ ಮೊದಲ ವಾರಕ್ಕೆ ಮತ್ತೆ ಬರಲಿದ್ದಾರೆ.