ವಿಮಾನದ ಸ್ಕ್ರೀನ್‌ನಲ್ಲಿ ಇಷ್ಟೇ ಬಟನ್, ನಾಬ್‌ಗಳಲ್ಲಿ ಕೆಲಸ ಹೇಗೆ ನಡೆಯುತ್ತದೆ?

ಕಾರವಾರದ ಟಾಗೋರ್ ಬೀಚಿನಲ್ಲಿ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನ ಇದೆಯಲ್ಲ, ಆ ಕಾಲದ ವಿಮಾನಗಳಲ್ಲಿ ಪೈಲಟ್ ಮುಂದೆ ಮುಳ್ಳಿನ ಮೀಟರುಗಳೇ ಜಾಸ್ತಿ. ಈಗ ಆ ಜಾಗಕ್ಕೆ ಸ್ಕ್ರೀನ್ ಬಂದಿದೆ.

ಸಣ್ಣ ವಿಮಾನಗಳಲ್ಲಿರುವ ಗಾರ್ಮಿನ್ ಜಿ1000 ಎಂಬ ಸ್ಕ್ರೀನ್ ವ್ಯವಸ್ಥೆ ತಗೊಳ್ಳಿ. ಸ್ಕ್ರೀನ್ ಕೆಳಗೆ 12 ಬಟನ್‌ಗಳಿವೆ, ಒಂದರ ಮೇಲೂ ಹೆಸರಿಲ್ಲ. ಹೆಸರು ಸ್ಕ್ರೀನ್ ಮೇಲೇ, ಬಟನ್ ನೇರಕ್ಕೆ ಬರುತ್ತದೆ. ಮೆನು ಬದಲಾದರೆ ಕೆಲಸವೂ ಬದಲು.

ನನಗೆ ತುಂಬಾ ಇಷ್ಟ ಒಂದರೊಳಗೊಂದು ಇರುವ ಜೋಡಿ ನಾಬ್. ರೇಡಿಯೋಗೆ 118.30 ಫ್ರೀಕ್ವೆನ್ಸಿ ಬೇಕು ಅಂದುಕೊಳ್ಳಿ. ಹೊರಗಿನ ದೊಡ್ಡದು ತಿರುಗಿಸಿ 118 ಮಾಡಬೇಕು, ಒಳಗಿನ ಸಣ್ಣದರಿಂದ .30. ಆಗಲೂ ಆ ನಂಬರ್ ಸುಮ್ನೆ ಕಾಯುತ್ತಿರುತ್ತದೆ. ಬಾಣದ ಗುರುತಿನ ಬಟನ್ ಒತ್ತಿದ ಮೇಲೇ ಚಾಲ್ತಿಗೆ ಬರುವುದು. ಹಳೆಯ ನಂಬರ್ ಪಕ್ಕದಲ್ಲೇ ಉಳಿಯುತ್ತದೆ, ಇನ್ನೊಮ್ಮೆ ಒತ್ತಿದರೆ ವಾಪಸ್. ಎಷ್ಟು ಚೆಂದದ ಯೋಚನೆ ಅಲ್ವಾ?

ವಿಮಾನ ಕುಲುಕುವಾಗ ಟಚ್ ಸ್ಕ್ರೀನ್ ಮೇಲೆ ಬೆರಳು ಜಾರುತ್ತದೆ. ನಾಬ್ ಆದರೆ ಹಿಡಿತ ಸಿಗುತ್ತದೆ, ಟಕ್ ಟಕ್ ಎಣಿಸಿಕೊಂಡೇ ತಿರುಗಿಸಬಹುದು.