ಆಪ್ತಸಮಾಲೋಚಕಿಯ ಬೀಳ್ಕೊಡುಗೆ: ಹಳೆಯ ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆಸುವುದೋ, ವಿಡಿಯೋ ಮಾಡಿಸುವುದೋ?

ಎರಡೂ ಬೇಡ. ಇಪ್ಪತ್ತನಾಲ್ಕು ವರ್ಷ ದುಡಿದ ನಿಮ್ಮ ಆಪ್ತಸಮಾಲೋಚಕಿಯ ಸನ್ಮಾನದಲ್ಲಿ ಅವರಿಂದ ನೆರವು ಪಡೆದವರು ವೇದಿಕೆಯಲ್ಲಿ ಮಾತನಾಡಬೇಕೋ, ಪರದೆಯ ಮೇಲೆ ಬರಬೇಕೋ ಎಂದು ಕೇಳಿದ್ದೀರಿ. 2016ರಲ್ಲಿ ದಕ್ಷಿಣ ಬೆಂಗಳೂರಿನ ಒಂದು ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಅಧ್ಯಾಪಕಿಯಾಗಿದ್ದ ನಾನು ಇದೇ ಪ್ರಶ್ನೆಯನ್ನು ಸನ್ಮಾನ ಸಮಿತಿಯ ಮುಂದಿಟ್ಟಿದ್ದೆ.

ನಮ್ಮ ಮೇಡಂ ಇಪ್ಪತ್ತೇಳು ವರ್ಷ ಮೆಟ್ಟಿಲಿನ ಕೆಳಗಿನ ಸಣ್ಣ ಕೋಣೆಯಲ್ಲಿ ಕುಳಿತು ಕೆಲಸ ಮಾಡಿದ್ದರು. ಮೊದಲ ಒಂಬತ್ತು ವರ್ಷ ಅವರಿಗೆ ಸಿಗುತ್ತಿದ್ದುದು ಗೌರವಧನ ಮಾತ್ರ. ಪ್ರತಿ ಜೂನ್ ತಿಂಗಳಲ್ಲೂ ಮರುನೇಮಕದ ಪತ್ರಕ್ಕಾಗಿ ಕಾಯಬೇಕಿತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆ ಬಂದದ್ದು 2022ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಅವರು ಫಲಿತಾಂಶದ ದಿನ ತಮ್ಮ ಮನೆಯ ದೂರವಾಣಿ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಹೋಗುತ್ತಿದ್ದರು. ಆಗಾಗ ಅರ್ಧ ದಿನದ ರಜೆ ಹಾಕಿ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಿ, ಹೊರರೋಗಿ ವಿಭಾಗದಲ್ಲಿ ಯಾವುದೋ ವಿದ್ಯಾರ್ಥಿಯ ಪಕ್ಕದಲ್ಲಿ ಸರದಿ ಬರುವವರೆಗೂ ಕುಳಿತಿರುತ್ತಿದ್ದರು. ಯಾರ ಪಕ್ಕದಲ್ಲಿ ಎಂಬುದು ನಮ್ಮಲ್ಲಿ ಒಬ್ಬರಿಗೂ ಎಂದೂ ತಿಳಿಯಲಿಲ್ಲ.

ಚಿಕ್ಕಪೇಟೆಯಿಂದ ಶಾಲು ಬಂತು, ಕೆ.ಆರ್. ಮಾರುಕಟ್ಟೆಯಿಂದ ಹಾರ ಬಂತು, ಬಿನ್ನವತ್ತಳೆಯನ್ನು ಕನ್ನಡ ವಿಭಾಗದವರು ಬರೆದರು. ನಿರೂಪಣೆ ನನ್ನದಾಗಿತ್ತು. ಇಬ್ಬರು ಹಳೆಯ ವಿದ್ಯಾರ್ಥಿಗಳು ಬಹಳ ಚೆನ್ನಾಗಿ ಮಾತನಾಡಿದರು. ಅವರ ಒಪ್ಪಿಗೆಯನ್ನು ಮೊದಲೇ ಪಡೆದಿದ್ದೆ. ಸಭೆಯ ಕಣ್ಣು ತುಂಬಿದ್ದನ್ನು ಕಂಡು, ಕಾರ್ಯಕ್ರಮ ಪಟ್ಟಿಯಲ್ಲಿಲ್ಲದ ಒಂದು ಮಾತನ್ನು ನಾನು ಮೈಕಿನಲ್ಲಿ ಹೇಳಿಬಿಟ್ಟೆ: "ಮೇಡಂ ಅವರಿಂದ ನೆರವು ಪಡೆದವರು ಈ ಸಭಾಂಗಣದಲ್ಲಿ ಯಾರ್ಯಾರಿದ್ದೀರೋ, ದಯವಿಟ್ಟು ಎದ್ದು ನಿಲ್ಲಿ."

ಆ ಮಾತಿನಲ್ಲಿ ತಪ್ಪೇನಿತ್ತು ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ನನಗೇ ಅದು ಅರ್ಥವಾಗಲು ತಿಂಗಳುಗಳು ಹಿಡಿದವು. ವೇದಿಕೆಯ ಮೇಲಿದ್ದ ಇಬ್ಬರು ತಮ್ಮ ಮನೆಯಲ್ಲಿ ಕುಳಿತು, ವಾರಗಟ್ಟಲೆ ಯೋಚಿಸಿ ಒಪ್ಪಿಕೊಂಡವರು. ಕೆಳಗೆ ಕುಳಿತಿದ್ದವರಿಗೆ ನಾನು ಕೊಟ್ಟದ್ದು ಒಂದು ಉಸಿರಿನಷ್ಟು ಸಮಯ, ಅದೂ ಸಹಪಾಠಿಗಳ ಎದುರಿನಲ್ಲಿ. ಎದ್ದರೆ ಗುಟ್ಟು ರಟ್ಟು, ಕುಳಿತರೆ ಕೃತಘ್ನತೆ. ಆ ಕೋಣೆಗೆ ಹೋಗುವುದನ್ನು ಯಾರಾದರೂ ಕಂಡಿದ್ದರೆ, ಕುಳಿತೇ ಇದ್ದವರ ಕಡೆಗೂ ತಲೆಗಳು ತಿರುಗುತ್ತವೆ. ಹೀಗೆ ಏಳದವರನ್ನೂ ನಾನು ಬಯಲಿಗೆ ಎಳೆದಿದ್ದೆ.

ಹತ್ತು ಹನ್ನೆರಡು ಮಂದಿ ಎದ್ದರು. ಎರಡನೆಯ ವರ್ಷದ ಒಬ್ಬ ಹುಡುಗಿ ಅರ್ಧ ಎದ್ದು, ಪಕ್ಕದವರನ್ನು ನೋಡಿ ಕುಳಿತುಕೊಂಡಳು. ಮೇಡಂ ಆಸನದಿಂದ ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡು, "ಎಲ್ಲರೂ ಎದ್ದು ನಿಲ್ಲಿ, ರಾಷ್ಟ್ರಗೀತೆಯೊಂದಿಗೆ ಮುಗಿಸೋಣ" ಎಂದರು. ಅಧ್ಯಕ್ಷರ ಭಾಷಣವೂ ವಂದನಾರ್ಪಣೆಯೂ ಬಾಕಿಯಿದ್ದವು. ಇಡೀ ಸಭೆ ಎದ್ದು ನಿಂತಿತು, ಮೊದಲು ಎದ್ದವರು ಅದರಲ್ಲಿ ಮರೆಯಾದರು.

ಮರುದಿನ ಕ್ಷಮೆ ಕೇಳಲು ಹೋದಾಗ ಅವರು ಹೇಳಿದ್ದು ಇಷ್ಟೇ: "ಈ ಬಾಗಿಲಿಗೆ ಒಳಚಿಲಕ ಹಾಕಿಸಲು ನಾಲ್ಕು ವರ್ಷ ಅರ್ಜಿ ಬರೆದಿದ್ದೆ. ನೀವು ಒಂದು ನಿಮಿಷದಲ್ಲಿ ತೆಗೆದುಬಿಟ್ಟಿರಿ." ಆ ಹುಡುಗಿ ಮತ್ತೆ ಆ ಕೋಣೆಯ ಕಡೆಗೆ ಸುಳಿಯಲಿಲ್ಲ. ಇದನ್ನು ಹೇಳಿದವರು ಮೇಡಂ ಅಲ್ಲ. ಅಂತಿಮ ವರ್ಷ ಮುಗಿಯುವಾಗ ಅವಳೇ ಬಂದು ಹೇಳಿದಳು, ಬರೆಯಲು ಅವಳ ಒಪ್ಪಿಗೆಯೂ ಇದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಆಪ್ತಸಮಾಲೋಚಕರ ಸಾಧನೆಗೆ ವಿದ್ಯಾರ್ಥಿಗಳು ಸಾಕ್ಷಿ ನುಡಿಯಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಆ ಹಕ್ಕನ್ನು ಕಾಪಾಡಿದವರನ್ನು ಅದನ್ನೇ ಸಡಿಲಿಸಿ ಗೌರವಿಸಲಾಗದು. ವಿಡಿಯೋ ಇನ್ನೂ ಅಪಾಯಕಾರಿ: ಇಪ್ಪತ್ತೆರಡರಲ್ಲಿ ಕೊಟ್ಟ ಒಪ್ಪಿಗೆಗೆ ಇಪ್ಪತ್ತೆಂಟರಲ್ಲಿ, ಮದುವೆಯ ಮಾತುಕತೆಯ ಹೊತ್ತಿನಲ್ಲಿ, ಪಶ್ಚಾತ್ತಾಪ ಪಡಬೇಕಾಗಬಹುದು.

ಸಹೋದ್ಯೋಗಿಗಳು ಮಾತನಾಡಲಿ. ತರಗತಿಯ ಕೊನೆಯ ಬೆಂಚಿನ ಮೌನವನ್ನು ಗುರುತಿಸಲು ಆಪ್ತಸಮಾಲೋಚಕಿ ಅಧ್ಯಾಪಕರಿಗೆ ಹೇಗೆ ಕಲಿಸಿದರು ಎಂಬುದನ್ನು ಹೇಳಲಿ. ಹೇಳಿಕೊಳ್ಳಬಯಸುವ ವಿದ್ಯಾರ್ಥಿಗಳು ಸಹಿಯಿಲ್ಲದ ಪತ್ರವನ್ನು ಲಕೋಟೆಯಲ್ಲಿ ಅಂಟಿಸಿ ಗ್ರಂಥಾಲಯದ ಪೆಟ್ಟಿಗೆಗೆ ಹಾಕಲಿ; ಅದನ್ನು ಆಪ್ತಸಮಾಲೋಚಕಿ ಮನೆಯಲ್ಲಿ ಒಬ್ಬರೇ ಓದಿಕೊಳ್ಳಲಿ. ಮುಖ್ಯವಾಗಿ ಆಡಳಿತ ಮಂಡಳಿಯ ಬೆನ್ನು ಹತ್ತಿ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರೊಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿದೆ. ಅವರ ಸ್ಥಾನಕ್ಕೆ ಬರುವವರ ಕಾಯಂ ನೇಮಕಾತಿ ಆದೇಶವನ್ನು ಅಂದೇ ವೇದಿಕೆಯಲ್ಲಿ ಓದಿಸಿ. ನಾಲ್ಕು ವಾರವಾದರೂ ಇಬ್ಬರೂ ಜೊತೆಯಲ್ಲಿ ಕೆಲಸ ಮಾಡುವಂತಾಗಲಿ.

ಇಷ್ಟು ವರ್ಷಗಳ ಕಡತಗಳನ್ನು ಏನು ಮಾಡಬೇಕೆಂದು ಅವರನ್ನೇ ಕೇಳಿ, ಅದೂ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು. ನಮ್ಮಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಕೊನೆಯ ದಿನ ಸಂಜೆ ಆರರವರೆಗೂ ಅವರು ಕಪಾಟಿನ ಮುಂದೆ ನೆಲದ ಮೇಲೆ ಕುಳಿತು, ಒಂದೊಂದೇ ಕಡತದ ಮೇಲಿನ ಹೆಸರಿನ ಚೀಟಿಯನ್ನು ಕೀಳುತ್ತಿದ್ದರು.