‘ಅವರ ಕಡೆಯವಳು’ ಎಂಬ ಹಣೆಪಟ್ಟಿ

ಆಕೆ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ, ವಯಸ್ಸು ನಲವತ್ತರ ಆಸುಪಾಸು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಎದೆ ಡವಗುಟ್ಟುತ್ತದೆ, ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತದೆ ಎಂದು ವೈದ್ಯರಲ್ಲಿಗೆ ಹೋಗಿದ್ದರು. ಇಸಿಜಿ, ಥೈರಾಯ್ಡ್ ಎರಡೂ ಸರಿಯಿದ್ದವು. ಆಪ್ತಸಮಾಲೋಚನೆಗೆಂದು ಆ ವೈದ್ಯರೇ ನನ್ನ ಬಳಿ ಕಳಿಸಿದರು.

ಪರೀಕ್ಷಾಂಗದಲ್ಲಿ ವರ್ಷಗಟ್ಟಲೆ ದುಡಿದವರು. ಮರುಮೌಲ್ಯಮಾಪನದ ಯಾವ ಕಡತ ಎಲ್ಲಿದೆ ಎಂದು ಕೂತಲ್ಲೇ ಹೇಳಬಲ್ಲವರು. ನಮ್ಮಲ್ಲಿ ಕುಲಪತಿಗಳ ಅವಧಿ 4 ವರ್ಷ; ಹೊಸಬರು ಬಂದರೆ ಕುರ್ಚಿಯ ಸುತ್ತಲಿನ ಗುಂಪೂ ಬದಲಾಗುತ್ತದೆ. ಹಿಂದಿನ ಮೌಲ್ಯಮಾಪನ ಕುಲಸಚಿವರು ಈಕೆಯನ್ನು ನಂಬಿ ಕೆಲಸ ವಹಿಸುತ್ತಿದ್ದರು, ಅಷ್ಟೇ. ‘ಅವರ ಕಡೆಯವಳು’ ಎನ್ನಿಸಿಕೊಳ್ಳಲು ಅಷ್ಟು ಸಾಕಾಯಿತು. ಪುಸ್ತಕ ಪ್ರಕಟಿಸುವ ವಿಭಾಗವಾದ ಪ್ರಸಾರಾಂಗಕ್ಕೆ ಎತ್ತಂಗಡಿ. ಮಾರಾಟವಾಗದ ಪುಸ್ತಕಗಳ ಕೋಣೆಯ ಪಕ್ಕ ಒಂದು ಮೇಜು, ಮೇಲೆ ಒಂದು ಕಡತವೂ ಇಲ್ಲ.

“ಕೆಲಸ ಇಲ್ದೆ ಸಂಬಳ ಬರತ್ತಲ್ಲ, ನಿನಗೇನು ಕಷ್ಟ ಅಂತಾರೆ ನಮ್ಮನೆಯವರು. ಮೇಡಂ, ಅಲ್ಲಿದ್ದಾಗ ಅಂಕಪಟ್ಟಿ ಕೈಗೆ ಸಿಕ್ಕ ಹುಡುಗರು ಥ್ಯಾಂಕ್ಸ್ ಹೇಳಿ ಹೋಗೋರು. ಈಗ ನನ್ನನ್ನ ಯಾರೂ ಏನೂ ಕೇಳಲ್ಲ.”

ಹರ್ಜ್‌ಬರ್ಗ್ ಎಂಬ ಮನೋವಿಜ್ಞಾನಿ 1959ರಲ್ಲೇ ಇದನ್ನು ಬಿಡಿಸಿ ಹೇಳಿದ್ದ. ಸಂಬಳ, ಮೇಲಧಿಕಾರಿ, ಸಹೋದ್ಯೋಗಿಗಳ ನಂಟು ಕೆಟ್ಟರೆ ಅತೃಪ್ತಿ ಹುಟ್ಟುತ್ತದೆ. ತೃಪ್ತಿ ಬರುವುದು ಮಾತ್ರ ಕೆಲಸದಿಂದ, ಅದಕ್ಕೆ ಸಿಗುವ ಮನ್ನಣೆಯಿಂದ. ಕಚೇರಿ ರಾಜಕೀಯ ಈಕೆಗೆ ಎರಡೂ ಕಡೆ ಏಟು ಹಾಕಿತ್ತು. ಮನೆಯವರ ಮಾತು ಎತ್ತಂಗಡಿಗಿಂತ ಹೆಚ್ಚು ನೋಯಿಸಿತ್ತೆಂಬುದು ನನ್ನ ಅಂದಾಜು.

ಎರಡನೇ ಭೇಟಿಗೆ ಬರುವಾಗ ಬ್ಯಾಗಿನಲ್ಲಿ ಮೂಗರ್ಜಿಯೊಂದಿತ್ತು, ಕುಲಾಧಿಪತಿಗಳಾದ ರಾಜ್ಯಪಾಲರ ಹೆಸರಿಗೆ. ಬೇಡ ಎಂದೆ. ಸಹಿಯಿಲ್ಲದಿದ್ದರೂ ಅನುಮಾನ ಮೊದಲು ಇವರ ಮೇಲೇ ಬರುತ್ತದೆ, ಆಮೇಲೆ ದಿನವೂ ಅದೇ ಹೆದರಿಕೆ. ಬದಲಿಗೆ ಸಹಿ ಹಾಕಿ, ಕಾರ್ಯಹಂಚಿಕೆ ಆದೇಶ ಕೊಡಿ ಎಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲು ಹೇಳಿದೆ. ಹಳೆಯ ಜಾಗ ಕೇಳಿದರೆ ಯಾರೋ ಸೋಲಬೇಕಾಗುತ್ತದೆ. ಕೆಲಸ ಕೊಡಿ ಎಂದವರಿಗೆ ಇಲ್ಲ ಎಂದು ಬರೆದುಕೊಡುವುದು ಯಾವ ಅಧಿಕಾರಿಗೂ ಸುಲಭವಲ್ಲ.

ಜ್ಯೇಷ್ಠತಾ ಪಟ್ಟಿಯಲ್ಲಿ ಹೆಸರು ಕೆಳಗಿಳಿದಿದೆ ಎಂಬ ಗಾಳಿಸುದ್ದಿ ನಿದ್ದೆ ಕೆಡಿಸಿತ್ತು. ಮಾಹಿತಿ ಹಕ್ಕು ಅರ್ಜಿ ಹಾಕಿಸಿದೆ. 2005ರ ಕಾಯ್ದೆಯಂತೆ 30 ದಿನಗಳೊಳಗೆ ಉತ್ತರ ಕೊಡಬೇಕು. ಪ್ರತಿ ಬಂತು, ಹೆಸರು ಇದ್ದಲ್ಲೇ ಇತ್ತು. ಅಂದು ರಾತ್ರಿ ಚೆನ್ನಾಗಿ ಮಲಗಿದರಂತೆ.

ಕಷ್ಟವಾದದ್ದು ಫೋನು. ದಿನಾ ಸಂಜೆ ಹಳೆಯ ವಿಭಾಗದ ಗೆಳತಿಗೆ ಕರೆ: ಇವತ್ತು ಯಾರು ಯಾರ ಚೇಂಬರಿಗೆ ಹೋದರು? ತಾನಿನ್ನೂ ಅಲ್ಲೇ ಇದ್ದೇನೆ ಎಂಬ ಸಮಾಧಾನ ಅದರಲ್ಲಿತ್ತು, ಗಾಯ ಕೆರೆಯುವುದೂ ಅದೇ ಎಂದು ನೇರವಾಗಿ ಹೇಳಿದೆ. ಬೇಜಾರು ಮಾಡಿಕೊಂಡರು. ಗೆಳತಿಯನ್ನು ಬಿಡಬೇಡಿ, ಕಚೇರಿಯ ಮಾತು ಮಾತ್ರ ಬಿಡಿ ಎಂದ ಮೇಲೆ ಒಪ್ಪಿದರು. ಈಗಲೂ ಪೂರ್ತಿ ನಿಂತಿಲ್ಲ.

ಕೆಲಸ ಕೇಳಿದ್ದ ಅರ್ಜಿಗೆ ನೆನಪೋಲೆ ಬರೆದ ಮೇಲೆ ಪುಸ್ತಕಗಳ ದಾಸ್ತಾನು ಲೆಕ್ಕ ಇವರಿಗೆ ಬಂತು. ಪರೀಕ್ಷಾಂಗದ ಕೆಲಸದಷ್ಟು ಹಿಡಿಸಿಲ್ಲ, ಆದರೆ ಭಾನುವಾರದ ಸಂಕಟ ಕಡಿಮೆಯಾಗಿದೆ. ಮುಂದಿನ ಭೇಟಿಗೆ ಯಜಮಾನರನ್ನೂ ಕರೆತರಲು ಹೇಳಿದ್ದೇನೆ. ಬರುತ್ತಾರೋ ಇಲ್ಲವೋ, ನೋಡಬೇಕು.